ಭಾವನ ಹೊಲದ ಬಿಳಿಗಲ್ಲಿನ ಗೆರೆ

ನಾನು ಹುಟ್ಟಿದ್ದು ನವಲಗುಂದ ತಾಲ್ಲೂಕಿನ ಎರೆಭೂಮಿಯಲ್ಲಿ, ತಿರ್ಲಾಪುರದ ಕಡೆಗೆ. ಅಲ್ಲಿ ಆಳುದ್ದ ಅಗೆದರೂ ಕರಿಮಣ್ಣೇ. ಕಲ್ಲು ಎಂಬುದು ಬೀಸುವ ಕಲ್ಲಾಗಿಯೋ ದೇವರಾಗಿಯೋ ಹೊರಗಿನಿಂದ ಬರಬೇಕು. ಇಂಥ ಊರಿನವನು ಭೂವಿಜ್ಞಾನ ಓದಿ, ಧಾರವಾಡದ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತ ಹೊಟ್ಟೆ ಹೊರೆಯುತ್ತಿರುವುದು ನನ್ನ ಭಾವನಿಗೆ ಮೊದಲಿನಿಂದಲೂ ತಮಾಷೆ.

"ನಿಮ್ಮೂರಾಗ ನಾಯಿಗೆ ಒಗ್ಯಾಕ ಒಂದ್ ಕಲ್ಲ ಸಿಗಂಗಿಲ್ಲ. ನೀ ಕಲ್ಲಿನ ಮಾಸ್ತರ!" ಎನ್ನುತ್ತಿದ್ದರು. ಬೀಗರ ಎದುರಿಗೂ ಅನ್ನುತ್ತಿದ್ದರು.

ಭಾವ ಎಂದರೆ ಅಕ್ಕನ ಗಂಡ. ಕಲಘಟಗಿ ತಾಲ್ಲೂಕಿನಲ್ಲಿ, ಬಮ್ಮಿಗಟ್ಟಿಯಿಂದ ಸ್ವಲ್ಪ ಒಳಗೆ ಅವರ ಊರು. ಭತ್ತ, ಗೋವಿನಜೋಳ ಬೆಳೆಯುವವರು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದಾರೆ, ಇಂಗ್ಲಿಷ್ ಬರುವುದಿಲ್ಲ. ಆದರೆ ನೆಲ ನೋಡುವುದು ಬರುತ್ತಿತ್ತು. ಭಾವ ಈಗಲೂ ಗಟ್ಟಿಮುಟ್ಟಾಗಿದ್ದಾರೆ, ಕಣ್ಣಿಗೆ ಚಸ್ಮಾ ಕೂಡ ಇಲ್ಲ. ಹಾಗಿದ್ದೂ 'ಬರುತ್ತಿತ್ತು' ಎಂದು ಬರೆಯಬೇಕಾಗಿ ಬಂದದ್ದು ನನ್ನಿಂದ.

ಅವರ ಹೊಲದ ನಡುವೆ ಒಂದು ಬಿಳಿ ಗೆರೆ ಹಾಯ್ದು ಹೋಗುತ್ತಿತ್ತು. ಕೆಂಪು ಮಣ್ಣಿನ ಇಳಿಜಾರಿನಲ್ಲಿ ಬೆಣಚುಕಲ್ಲಿನ ಸಾಲು. ಕೆಲವೆಡೆ ಮೊಣಕಾಲೆತ್ತರ, ಕೆಲವೆಡೆ ನೆಲಕ್ಕೆ ಸಮ. ಕೆಳಗೆ ಹಳ್ಳದ ದಂಡೆಯಲ್ಲಿ ಕೊಬ್ಬರಿ ಹೋಳಿನ ಹಾಗೆ ಬೆಳ್ಳಗೆ ಕಾಣುತ್ತಿತ್ತು. ನೇಗಿಲಿಗೆ ಅಡ್ಡ, ಟ್ರ್ಯಾಕ್ಟರಿಗೆ ಅಡ್ಡ, ಡಾಕ್ಟರೇಟಿಗೆ ಮಾತ್ರ ಅನುಕೂಲ. ನಾನು ಸಂಶೋಧನೆಗೆ ಜಾಗ ಹುಡುಕುತ್ತಿದ್ದ ಕಾಲ ಅದು. ಇಪ್ಪತ್ತು ವರ್ಷದ ಮೇಲಾಯಿತು. ದೂರದ ಕಾಡಿಗೆ ಹೋದರೆ ಹಾವು, ಜ್ವರ, ತಪ್ಪಿಹೋಗುವ ಬಸ್ಸು. ಅಕ್ಕನ ಮನೆಯಾದರೆ ರೊಟ್ಟಿ ಖಾತ್ರಿ. ವಿಜ್ಞಾನದಲ್ಲಿ ನಾನು ತೆಗೆದುಕೊಂಡ ದೊಡ್ಡ ನಿರ್ಧಾರಗಳೆಲ್ಲ ಹೀಗೇ ಆಗಿವೆ.

ಮೊದಲ ದಿನ ಹಳ್ಳದ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಾಗಲೇ ಭಾವ ಕೇಳಿದರು. "ಅಲ್ಲೋ, ಈ ಬಿಳಿಕಲ್ಲ ಇಲ್ಲಿಗೆ ಹೆಂಗ ಬಂತು? ಯಾರರ ತಂದು ಹೂತಾರೇನು?"

ನಾನು ಹೊಸದಾಗಿ ಓದಿದವನ ಉತ್ಸಾಹದಲ್ಲಿ ಹೇಳತೊಡಗಿದೆ. ಭೂಮಿಯೊಳಗಿನ ಬಂಡೆ ಒತ್ತಡ ತಾಳದೆ ಸೀಳುತ್ತದೆ, ಸೀಳಿನ ಆಚೆಯ ಬದಿ ಈಚೆಯ ಬದಿಯಿಂದ ಸರಿದುಬಿಡುತ್ತದೆ. ಅದಕ್ಕೆ ಪುಸ್ತಕದಲ್ಲಿ ಸ್ತರಭಂಗ ಎನ್ನುತ್ತಾರೆ. ಬಹಳ ಆಳದಲ್ಲಿ ಕುದಿನೀರಿಗಿಂತ ಎಷ್ಟೋ ಬಿಸಿಯಾದ ನೀರಿದೆ, ಮೇಲಿನ ಭಾರಕ್ಕೆ ಅದು ಆವಿಯಾಗಲಾರದು. ಕಲ್ಲನ್ನೇ ಕರಗಿಸಿ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಜೊತೆಗೆ ಕಬ್ಬಿಣ, ತಾಮ್ರ, ಪುಣ್ಯವಿದ್ದಲ್ಲಿ ಚೂರುಪಾರು ಬಂಗಾರ. ನೆಲ ನಡುಗಿ ಸೀಳು ಬಾಯಿಬಿಟ್ಟ ಗಳಿಗೆ ಆ ನೀರಿಗೆ ದಾರಿ ಸಿಗುತ್ತದೆ. ಮೇಲಕ್ಕೆ ನುಗ್ಗುತ್ತದೆ, ಒತ್ತಡ ಇಳಿಯುತ್ತದೆ, ಹೊತ್ತು ತಂದದ್ದನ್ನು ಹಿಡಿದಿಟ್ಟುಕೊಳ್ಳಲಾಗದೆ ದಾರಿಯ ಗೋಡೆಗಳಿಗೇ ಮೆತ್ತಿ ಹೋಗುತ್ತದೆ. ದಾರಿ ಮುಚ್ಚುತ್ತದೆ. ಒತ್ತಡ ಮತ್ತೆ ಏರುತ್ತದೆ, ಮತ್ತೆ ಸೀಳುತ್ತದೆ. ಹೀಗೆ ಎಷ್ಟು ಸಾವಿರ ಸಲವೋ ಆಗಿ, ಕೊನೆಗೆ ಮೇಲಿನ ನೆಲವೆಲ್ಲ ಸವೆದು, ಭಾವನ ನೇಗಿಲಿಗೆ ಬಡಿಯುವ ಬಿಳಿ ಗೆರೆ.

ಭಾವ ರೊಟ್ಟಿ ಮುರಿಯುತ್ತ ಕೇಳಿದರು. ಕೇಳಿ, "ಅಂದ್ರ ನಮ್ಮತ್ತಿ ಹಂಡಿ ಕಥಿ ಹೇಳಾಕತ್ತಿ," ಅಂದರು.

ಅವರ ಅತ್ತೆ ಎಂದರೆ ನನ್ನ ತಾಯಿ. ನಮ್ಮ ಕಡೆ ಬಾವಿಯ ನೀರು ಸವುಳು. ಬಚ್ಚಲಮನೆಯ ತಾಮ್ರದ ಹಂಡೆಯೊಳಗೆ ವರ್ಷವಿಡೀ ನೀರು ಕಾದು ಕಾದು ಬಿಳಿ ಹಕ್ಕಳೆ ಕಟ್ಟುತ್ತಿತ್ತು. ದೀಪಾವಳಿಗೆ ಮುಂಚೆ ಅವ್ವ ಅದನ್ನು ಕುಟ್ಟಿ ಕುಟ್ಟಿ ಎಬ್ಬಿಸುತ್ತಿದ್ದಳು. ಹಬ್ಬಕ್ಕೆ ಬಂದ ಹೊಸ ಅಳಿಯ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂತು ಅದನ್ನೆಲ್ಲ ನೋಡಿದ್ದರಂತೆ.

"ಆ ಹಂಡಿ ಒಂದ್ ಬಾಜು ನೆಗ್ಗಿತ್ತು, ನೆನಪೈತೇನು? ನೆಗ್ಗಿದಲ್ಲೇ ಹಕ್ಕಳಿ ಬೆರಳ ದಪ್ಪ. ಉಳದ ಕಡೆ ಹಾಳಿ ಹಂಗ ತೆಳ್ಳಗ. ಇದೂ ಹಂಗ ಇರಬೇಕಲಾ? ಎಲ್ಲಿ ಡೊಂಕ ಬರ್ತೈತಿ, ನೀರ ಅಲ್ಲೇ ಹೊರಿ ಇಳಸ್ತೈತಿ."

ನಾನು ಮುರಿದ ರೊಟ್ಟಿಯನ್ನು ಹಾಗೇ ಬುತ್ತಿಯಲ್ಲಿಟ್ಟೆ. ಸೀಳು ನೆಟ್ಟಗಿರುವಲ್ಲಿ ನೀರು ಸುಮ್ಮನೆ ಹಾದುಹೋಗುತ್ತದೆ, ಅದು ಬಾಗುವಲ್ಲಿ, ಮಗ್ಗುಲಾಗುವಲ್ಲಿ ಬಾಯಿ ತೆರೆದು ಅದಿರು ಕೂಡುತ್ತದೆ ಎಂಬ ಮಾತನ್ನು ನಾನು ಹಿಂದಿನ ವಾರವಷ್ಟೇ ಗ್ರಂಥಾಲಯದಲ್ಲಿ, ನಿಘಂಟು ಪಕ್ಕಕ್ಕಿಟ್ಟುಕೊಂಡು, ಮೂರು ಸಲ ಓದಿ ಅರ್ಥ ಮಾಡಿಕೊಂಡಿದ್ದೆ.

ಅದಾದ ಮೂರನೆಯ ದಿನ ಭಾವ ಇಳಿಜಾರಿನ ಕೆಳಗಿನಿಂದ ಕೂಗಿದರು. "ಬಾರಲೇ ಮಾಸ್ತರ! ನಿನ್ನ ಗೆರಿ ಇಲ್ಲಿ ಹಾದಿ ತಪ್ಪೇತಿ!"

ಹೋಗಿ ನೋಡಿದೆ. ಮೇಲಿನಿಂದ ಇಳಿದುಬಂದ ಬಿಳಿ ಸಾಲು ಒಂದು ಜಾಲಿ ಗಿಡದ ಬುಡದಲ್ಲಿ ನಿಂತುಬಿಟ್ಟಿತ್ತು. ಎಡಕ್ಕೆ ಇಪ್ಪತ್ತು ಹೆಜ್ಜೆ ಸರಿದು, ಮುಳ್ಳುಪೊದೆಯ ಆಚೆ ಮತ್ತೆ ಶುರುವಾಗಿ ಹಳ್ಳಕ್ಕೆ ಇಳಿದಿತ್ತು. ಅದಕ್ಕಿಂತ ಮುಂಚೆ ಎರಡು ಸಲ ನಾನು ಅಲ್ಲಿ ಓಡಾಡಿದ್ದೆ. ಪೊದೆಯಲ್ಲಿ ಹಾವಿದ್ದೀತೆಂದು ಸುತ್ತು ಹಾಕಿದ್ದೆ. ಭಾವ ಕುಡಗೋಲಿನಿಂದ ಪೊದೆ ಸವರಿದರು. ನಡುವಿನ ಜಾಗದ ಕಲ್ಲು ಬೆಳ್ಳಗಿರಲಿಲ್ಲ. ಜೇನುಹುಟ್ಟಿನ ಹಾಗೆ ತೂತುತೂತಾಗಿ, ತುಕ್ಕು ಹಿಡಿದು, ಕೈಯಲ್ಲಿ ಹಿಡಿದರೆ ಭಾರ. ಅದರೊಳಗೆ ಓರೆಯಾಗಿ ಸಣ್ಣ ಸಣ್ಣ ಬಿಳಿ ಎಳೆಗಳು. ಸುತ್ತ ಹೊಲವೆಲ್ಲ ಒಣಗಿದ್ದ ಆ ಚೈತ್ರದಲ್ಲಿ ಅಷ್ಟು ಜಾಗದಲ್ಲಿ ಮಾತ್ರ ಹುಲ್ಲು ಹಸಿರಾಗಿತ್ತು.

"ಹರದು ದೂರ ಆದದ್ದಲ್ಲ ಇದು," ಭಾವ ಕುಕ್ಕರಗಾಲಲ್ಲಿ ಕೂತು ಹೇಳಿದರು. "ಹರದಿದ್ರ ನಡುವ ಏನೂ ಇರಬಾರದಿತ್ತು. ಇಲ್ಲಿ ಎಳಿ ಎಳಿ ಅದಾವು ನೋಡು. ಸರೀತಾ ಸರೀತಾ ಬಾಯಿ ತಗದೈತಿ, ನೀರ ಇಲ್ಲೇ ಬಾಳ ದಿನ ನಿಂತೈತಿ. ಹಂಡಿ ನೆಗ್ಗ ಇದ, ಮಾರಾಯಾ!"

ನನ್ನ ಸಂಶೋಧನೆಯ ಅತ್ಯುತ್ತಮ ವಾಕ್ಯ ಅದು. ನನ್ನ ಸಂಶೋಧನಾ ಪ್ರಬಂಧದಲ್ಲಿ ಅದಿಲ್ಲ.

ಇಲ್ಲದ್ದಕ್ಕೆ ಕಾರಣ ಹೇಳಬೇಕು, ಹೇಳಿದರೆ ನಗುತ್ತೀರಿ. ಅದೇ ಪ್ರದೇಶದ ನಕ್ಷೆಯನ್ನು ನನ್ನ ಮಾರ್ಗದರ್ಶಕರು ತಮ್ಮ ಹರೆಯದ ಕಾಲದಲ್ಲಿ ತಯಾರಿಸಿದ್ದರು. ಅದರಲ್ಲಿ ಆ ಗೆರೆ ಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ನೆಟ್ಟಗಿರುವ, ಒಂದೇ ಸಲ ತುಂಬಿಕೊಂಡ ಸೀಳು ಎಂಬುದು ಅವರ ವಾದ. ಅವರು ಕೆಟ್ಟವರಲ್ಲ, ಗದರಿಸುವವರೂ ಅಲ್ಲ. ಮನೆಗೆ ಹೋದರೆ ಚಹಾ ಕೊಡದೆ ಕಳಿಸಿದವರಲ್ಲ. ಆದರೆ ಬಸ್ ಸ್ಟ್ಯಾಂಡಿನಿಂದ ವಾಪಸ್ಸು ಬಂದು ಮನೆಯ ಬೀಗ ಜಗ್ಗಿ ನೋಡಿ ಹೋಗುವ ಜಾತಿಯ ಮನುಷ್ಯ ನಾನು. ಗೆರೆಯನ್ನು ಮುರಿದು ತೋರಿಸಿದರೆ ಸರ್‌ಗೆ ಬೇಸರವಾಗುತ್ತದೆ. ಬೇಸರವಾದರೆ ಪ್ರಬಂಧ ತಿರುಗಿ ಬರುತ್ತದೆ. ತಿರುಗಿ ಬಂದರೆ ನೌಕರಿ ಇಲ್ಲ. ನೌಕರಿ ಇಲ್ಲದಿದ್ದರೆ ಆಗಲೇ ಅರ್ಧ ಮಾತಾಗಿದ್ದ ಸಂಬಂಧ ತಪ್ಪುತ್ತದೆ. ಒಂದು ಮಧ್ಯಾಹ್ನ ಕೂತು ಇಷ್ಟು ದೂರ ಯೋಚಿಸಿದೆ. ಮೇಲಾಗಿ ಇದನ್ನು ಕಂಡವರು ಯಾರು ಅಂದರೆ ಏನು ಹೇಳಲಿ? ನಮ್ಮ ಭಾವ, ಗೋವಿನಜೋಳ ಬೆಳೆಯುತ್ತಾರೆ ಅನ್ನಲೇ? ಪಟ್ಟಿ ಇಟ್ಟು ಗೆರೆಯನ್ನು ನೆಟ್ಟಗೆ ಎಳೆದೆ. ತುಕ್ಕುಗಲ್ಲಿನ ಜಾಗವನ್ನು ಗೆರೆಯ ಮೇಲೆಯೇ ಒಂದು ಚುಕ್ಕೆ ಮಾಡಿ ಸೇರಿಸಿದೆ. ಪದವಿ ಬಂತು, ನೌಕರಿ ಬಂತು, ಹೆಂಡತಿಯೂ ಬಂದಳು.

ದಪ್ಪ ರಟ್ಟಿನ, ಬಂಗಾರದ ಅಕ್ಷರದ ಪ್ರಬಂಧದ ಒಂದು ಪ್ರತಿ ಅಕ್ಕನ ಮನೆಗೆ ಕೊಟ್ಟೆ. ಭಾವ ಕೈಕಾಲು ತೊಳೆದುಕೊಂಡು ಬಂದು ಅದನ್ನು ತೆರೆದರು. ಇಂಗ್ಲಿಷ್ ಹಾಳೆಗಳನ್ನು ಗೌರವದಿಂದ ಮಗುಚಿ ಮಗುಚಿ, ನಕ್ಷೆ ಬಂದಲ್ಲಿ ನಿಂತರು. ಇಂಗ್ಲಿಷ್ ಓದಲು ಬರದವನಿಗೂ ಗೆರೆ ಗೆರೆಯೇ ಅಲ್ಲವೇ? ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದು ಹೊಲವೆಲ್ಲ ಸುತ್ತಿದವರು ಅವರು. ಬೆರಳಿನಿಂದ ಮೇಲಿನಿಂದ ಕೆಳಗೆ ಎರಡು ಸಲ ಸವರಿದರು.

"ಇಲ್ಲಿ ನೆಟ್ಟಗೈತಲ್ಲೋ?"

ಆಗ ಹೇಳಬಹುದಿತ್ತು. ಬೈಯುತ್ತಿದ್ದರು, ಅಷ್ಟೇ. ನಾನು, "ಇಷ್ಟ್ ಸಣ್ಣ ನಕ್ಷಾದಾಗ ಅದು ಕಾಣಂಗಿಲ್ರಿ ಭಾವಾರ," ಅಂದೆ. ಅವರು ಇನ್ನೂ ಬಗ್ಗಿ ನೋಡುತ್ತಿದ್ದರು. ಅವರ ಬೆರಳು ಆ ಜಾಗದಿಂದ ಏಳಲಿಲ್ಲ. ಅದನ್ನು ನೋಡಲಾಗದೆ ಇನ್ನೂ ಒಂದು ಮಾತು ಸೇರಿಸಿದೆ. "ಮಷಿನ್ ಇಟ್ಟು ನೋಡಿದ್ರ ನೆಟ್ಟಗ ಬರ್ತೈತ್ರಿ. ಕಣ್ಣಿಗೆ ಒಮ್ಮೊಮ್ಮೆ ಹಂಗ ಸರದಂಗ ಕಾಣತೈತಿ."

ಯಾವ ಮಷಿನ್ನೂ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ದಿಕ್ಸೂಚಿ, ಒಂದು ಸುತ್ತಿಗೆ.

"ಹೌದೇನು? ಮಷಿನ್ ಇಟ್ಟಿದ್ದೇನು?" ಎಂದರು ಭಾವ. ಆಮೇಲೆ ಪುಸ್ತಕ ಮುಚ್ಚಿ ಎರಡೂ ಕಣ್ಣಿಗೆ ಒತ್ತಿಕೊಂಡರು.

ಅಕ್ಕ ಅದನ್ನು ದೇವರ ಜಗಲಿಯ ಬಾಜುವಿನ ಗೋಡೆಯ ಮಾಡದಲ್ಲಿಟ್ಟಳು. ಅವರ ಮನೆಯಲ್ಲಿ ಮಹಾನವಮಿಗೆ ಕುಡಗೋಲು, ಕುಂಟೆ, ಔಷಧ ಹೊಡೆಯುವ ಪಂಪು ಎಲ್ಲ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಆ ವರ್ಷದಿಂದ ಆ ಸಾಲಿನಲ್ಲಿ ನನ್ನ ಪ್ರಬಂಧವೂ ಕೂತಿತು. ರಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಚೆಂಡುಹೂವು. ಹಬ್ಬಕ್ಕೆ ಕರೆದರೆ ನಾನು ಏನಾದರೂ ನೆಪ ಹೇಳುತ್ತಿದ್ದೆ.

ಕೆಲವು ವರ್ಷಗಳ ನಂತರ ಭಾವ ಇಳಿಜಾರಿನ ಹೊಲವನ್ನೆಲ್ಲ ಸಪಾಟು ಮಾಡಿಸಿದರು. ಜೆಸಿಬಿ ಬಂದು ಬಿಳಿಗಲ್ಲನ್ನೆಲ್ಲ ಎಬ್ಬಿಸಿ ಬದುವಿಗೆ ಒಟ್ಟಿತು. ಜಾಲಿ ಗಿಡ, ಪೊದೆ, ತುಕ್ಕುಗಲ್ಲು ಎಲ್ಲ ಆ ಒಟ್ಟಿಲಿನಲ್ಲಿ ಹೋದವು. ಆಮೇಲೆ ಬೋರು ಕೊರೆಸುವ ಮಾತು ಬಂತು. ಆ ಊರಿನಲ್ಲಿ ಯಾರೇ ಬೋರು ಹಾಕಿಸಲಿ, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗಿ ನೀರಿನ ಜಾಗ ಹೇಳುವವರನ್ನು ಕರೆಸುತ್ತಾರೆ. ಭಾವ ಕರೆಸಲಿಲ್ಲ. "ನಮ್ಮ ಮನ್ಯಾಗ ನಕ್ಷಾ ಐತಿ, ಕಾಯಿ ಯಾಕ?" ಅಂದರಂತೆ. ನನಗೆ ಫೋನ್ ಮಾಡಿದರು.

"ನೋಡಪಾ, ನೀನ ಹೇಳಿದ್ದಿ, ಹಳೀ ಸೀಳಿನಗುಂಟ ಇವತ್ತಿಗೂ ನೀರ ಹರೀತೈತಿ ಅಂತ. ನಕ್ಷಾ ಪ್ರಕಾರ ಗೆರಿ ನೆಟ್ಟಗ ಬೇವಿನ ಗಿಡದ ಬಾಜುಕ ಬರ್ತೈತಿ. ಅಲ್ಲೇ ಇಡಸ್ಲೇನು ಪಾಯಿಂಟ?"

ಹಸಿರು ಹುಲ್ಲಿನ ಜಾಗ ಅಲ್ಲಿಂದ ಇಪ್ಪತ್ತು ಹೆಜ್ಜೆ ಎಡಕ್ಕೆ. ಅದನ್ನು ನನಗೆ ತೋರಿಸಿದ್ದೇ ಅವರು. ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ಹೇಳಿದರೆ ಅದರ ಹಿಂದಿನದನ್ನೂ ಹೇಳಬೇಕಲ್ಲ. "ನನಗ ಪೇಪರ್ ವ್ಯಾಲ್ಯುವೇಶನ್ ಐತ್ರಿ, ಬರಾಕ ಆಗಂಗಿಲ್ಲ. ನಿಮ್ಮ ಮನಸ್ಸಿಗೆ ಬಂದಲ್ಲಿ ಇಡಸ್ರಿ," ಅಂದೆ.

"ನನ್ನ ಮನಸ್ಸಿಗೇನ ತಿಳೀತೈತಲೇ? ನಕ್ಷಾ ಮಾಡಿದಾಂವ ನೀ."

ಬೇವಿನ ಗಿಡದ ಬಾಜುವಿನಲ್ಲಿ ಬೂದಿಬಣ್ಣದ ಪುಡಿ ಬಂತು, ಅದೇ ಪುಡಿ ಬರುತ್ತಲೇ ಇತ್ತು, ನೀರು ಬರಲಿಲ್ಲ. ಸುದ್ದಿ ಹೇಳಿದವಳು ಅಕ್ಕ. ಆಮೇಲೆ ಭಾವನೂ ಫೋನ್ ತೆಗೆದುಕೊಂಡರು. "ನಿಂದೇನ ತಪ್ಪಿಲ್ಲೋ. ನಕ್ಷಾ ನೋಡಿ ಹೊಲದಾಗ ಅಳಿಯೂದ್ರಾಗ ನಾನ ಎಲ್ಲೋ ತಪ್ಪೀನಿ," ಅಂದರು. ನಾನು ಆ ವಾರದಲ್ಲಿ ನಾಲ್ಕು ಸಲ ಫೋನ್ ಮಾಡಿದೆ. ಸತ್ಯ ಹೇಳಲಿಕ್ಕಲ್ಲ; ಕೊರೆದ ತೂತಿನ ಬಾಯಿ ಮುಚ್ಚಿದ್ದಾರೋ ಇಲ್ಲವೋ, ಯಾರಾದರೂ ಬಿದ್ದುಗಿದ್ದಾರು ಎಂದು ಕೇಳಲಿಕ್ಕೆ. "ಕಲ್ಲಿಟ್ಟು ಸಿಮೆಂಟ ಮೆತ್ತೇವೋ ಮಾರಾಯಾ! ನೀ ಬಂದು ಅದರ ಮ್ಯಾಲೆ ಕುಂದರತೀಯೇನು?" ಎಂದು ಅಕ್ಕ ನಾಲ್ಕನೆಯ ಸಲ ರೇಗಿದಳು. ಹೆದರಬೇಕಾದ್ದನ್ನು ಬಿಟ್ಟು ಪಕ್ಕದ್ದಕ್ಕೆ ಹೆದರುವುದು ನನಗೆ ಚೆನ್ನಾಗಿ ರೂಢಿಯಾಗಿದೆ.

ಎರಡು ವರ್ಷಕ್ಕೆ ಹಳ್ಳಕ್ಕೆ ಚೆಕ್ ಡ್ಯಾಮ್ ಬಂತು. ದಂಡೆಯಲ್ಲಿ ಕಾಣುತ್ತಿದ್ದ ಬಿಳಿ ಗೆರೆ ನೀರು ಮತ್ತು ಹೂಳಿನ ಕೆಳಗೆ ಹೋಯಿತು. ಭಾವನ ಹೊಲಕ್ಕೆ ನೀರು ಸಾಕಷ್ಟಾಯಿತು. ಅವರಿಗೆ ಲುಕ್ಸಾನು ಆಗಿಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಒಮ್ಮೆ ನನ್ನ ವಿದ್ಯಾರ್ಥಿಗಳನ್ನು ಅವರ ಊರಿನ ಗುಡ್ಡಕ್ಕೆ ಕರೆದುಕೊಂಡು ಹೋದಾಗ ಒಬ್ಬಳು ಹುಡುಗಿ ಒಂದು ಕಲ್ಲು ತೋರಿಸಿ, "ಇದು ಯಾಕ ಹಿಂಗ ಮಡಚೇತ್ರಿ ಅಜ್ಜಾರ?" ಎಂದು ಭಾವನನ್ನು ಕೇಳಿದಳು. ಹಿಂದಿನ ಭಾವನಾಗಿದ್ದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಅಂದು ನಿಂತೇ ಇದ್ದರು. "ನಮ್ಮ ಕಣ್ಣಿನ ಮಾತ ಕೇಳಬ್ಯಾಡವ್ವಾ. ನಿಮ್ಮ ಸಾಹೇಬರ್ನ ಕೇಳು. ಅವರ ಹತ್ರ ಮಷಿನ್ ಐತಿ."

ಇನ್ನೊಂದು ಸಂಗತಿಯೂ ಇದೆ. ನಿವೃತ್ತರಾಗಿದ್ದ ನನ್ನ ಮಾರ್ಗದರ್ಶಕರು ಒಂದು ಮದುವೆಯಲ್ಲಿ ಸಿಕ್ಕರು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಕೂತರು. "ಆ ಗೆರೆ ನಾನು ರಸ್ತೆಯ ಮೇಲೆ ನಿಂತು ಅಂದಾಜಿಗೆ ಎಳೆದದ್ದು. ಜೀಪು ಕೆಟ್ಟಿತ್ತು ಆ ದಿನ. ನೀನು ನಡೆದು ನೋಡಿದವನು, ನೆಟ್ಟಗೇ ಇತ್ತಲ್ಲ? ನನಗೆ ಯಾಕೋ ಸಂಶಯ ಇತ್ತು," ಅಂದರು. ಮುರಿದ ಗೆರೆಯನ್ನು ಆ ಮನುಷ್ಯ ಎರಡು ಕೈ ಚಾಚಿ ತೆಗೆದುಕೊಳ್ಳುತ್ತಿದ್ದರೇನೋ. ನಾನು ಬಾಸುಂದಿಯ ಬಟ್ಟಲು ನೋಡುತ್ತ, "ಹೌದ್ರಿ ಸರ್, ನೆಟ್ಟಗೇ ಐತ್ರಿ," ಅಂದೆ. ಅವರು 'ಹೌದಾ' ಎಂದು ಊಟಕ್ಕೆ ತಿರುಗಿದರು. ಮುಂದಿನ ವರ್ಷ ತೀರಿಕೊಂಡರು.

ಈ ವರ್ಷ ಹಳೆಯ ಪ್ರಬಂಧಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತೇವೆಂದು ವಿಶ್ವವಿದ್ಯಾಲಯದಿಂದ ನನಗೂ ಒಂದು ಫಾರ್ಮು ಬಂತು. ಕೊನೆಯಲ್ಲಿ ಒಂದು ಕಾಲಂ: ತಿದ್ದುಪಡಿಗಳಿದ್ದರೆ ಬರೆಯಿರಿ. ಮೂರು ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಇನ್ನು ಯಾವನೋ ಹುಡುಗ ಆ ನೆಟ್ಟಗಿನ ಗೆರೆ ನಂಬಿ ಅದರ ಮೇಲೆ ತನ್ನ ಲೆಕ್ಕಾಚಾರ ಕಟ್ಟುತ್ತಾನೆ ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಭಾವನ ಕಣ್ಣು ಸರಿಯಾಗಿತ್ತು ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು, ಮತ್ತು ಅದನ್ನು ಹೇಳಬಲ್ಲವನು ಲೋಕದಲ್ಲಿ ನಾನೊಬ್ಬನೇ. ಆ ಜಾಗವಂತೂ ಉಳಿದಿಲ್ಲ, ನೋಡಿದವರು ನಾವಿಬ್ಬರೇ. ಅಟ್ಟದ ಮೇಲಿದ್ದ ಹಳೆಯ ನೋಟ್‌ಬುಕ್ಕು ಹುಡುಕಿದೆ. ಜಾಲಿ ಗಿಡ, ಇಪ್ಪತ್ತು ಹೆಜ್ಜೆ, ಓರೆ ಎಳೆಗಳು ಎಲ್ಲ ಪೆನ್ಸಿಲ್ಲಿನಲ್ಲಿ ಹಾಗೇ ಇದ್ದವು. ಭಾನುವಾರ ಬಸ್ಸು ಹತ್ತಿದೆ. ಬೀಗ ನೋಡಲು ವಾಪಸ್ಸು ಹೋಗಲಿಲ್ಲ.

ಅಕ್ಕ ಚಹಾ ತಂದಿಟ್ಟಳು. ನಾನು ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ: ಸರ್ ಬಗ್ಗೆ ಇದ್ದ ಹೆದರಿಕೆ, ಪಟ್ಟಿ ಇಟ್ಟು ಎಳೆದದ್ದು, ಇಲ್ಲದ ಮಷಿನ್ನು, ಬೇವಿನ ಗಿಡ. "ನೀವು ಕಂಡದ್ದು ಖರೇ ಇತ್ರಿ ಭಾವಾರ. ನಾ ಸುಳ್ಳ ಬರದೆ," ಅಂದೆ. ಬೈಯಲಿ ಎಂದು ತಲೆ ತಗ್ಗಿಸಿ ಕಾದೆ.

ಭಾವ ನಕ್ಕರು. "ಚಾ ಕುಡಿ ಮೊದಲ."

"ಖರೇನ ಹೇಳಾಕತ್ತೀನ್ರಿ."

"ಬೋರಿಗೆ ನೀರ ಬರಲಿಲ್ಲ ಅಂತ ಇನ್ನೂ ಮನಸ್ಸಿಗೆ ಹಚ್ಚಿಕೊಂಡೀಯೇನಲೇ? ನನ್ನ ಸಮಾಧಾನಕ್ಕ ನಿನ್ನ ಪುಸ್ತಕಾ ಸುಳ್ಳ ಅನಬ್ಯಾಡ."

ನೋಟ್‌ಬುಕ್ಕು ತೆರೆದು ಕೈಗಿಟ್ಟೆ. ಅವರದೇ ಹೆಜ್ಜೆಯ ಎಣಿಕೆ, ಅವರು ಹೇಳುತ್ತ ಹೋದ ಹಾಗೆ ನಾನು ಗೀಚಿದ್ದು. ಬೆಳಕಿಗೆ ಹಿಡಿದು ನೋಡಿದರು. ಮುಖದಲ್ಲಿ ಏನೋ ಒಂದು ಗಳಿಗೆ ಹಾದುಹೋದಂತಾಯಿತು. ಆಮೇಲೆ ಹಾಳೆಯ ಮೇಲೆ ಹೆಬ್ಬೆರಳು ಉಜ್ಜಿದರು. "ಇದು ಪೆನ್ಸಿಲ್‌ನಾಗ ಬರದದ್ದು. ತಿಕ್ಕಿದ್ರ ಹೋಗತೈತಿ. ಅದು ಅಚ್ಚಾಗೇತಿ, ದೊಡ್ಡ ದೊಡ್ಡವರು ನೋಡಿ ಪದವಿ ಕೊಟ್ಟಾರ. ಆಗ ನನಗ ಹುಚ್ಚ ಇತ್ತಪಾ, ಕಂಡದ್ದಕ್ಕೆಲ್ಲ ಒಂದೊಂದ್ ಕಥಿ ಹಚ್ಚತಿದ್ದೆ. ಹಂಡಿ ಅಂತ, ನೆಗ್ಗ ಅಂತ!"

"ಹಂಡಿ ಮಾತ ಖರೇ ಇತ್ರಿ," ಅಂದೆ. ನನ್ನ ದನಿ ವಿದ್ಯಾರ್ಥಿಯ ಹಾಗೆ ಕೇಳಿಸಿತು.

"ಏಳು, ಹೊಲದ ಕಡೆ ಹೋಗೂಣು. ತೋರಸ್ತೀನಿ."

"ಬಿಸಲ ಐತಿ, ಇಬ್ಬರಿಗೂ ಬುದ್ಧಿ ಇಲ್ಲ," ಎಂದು ಅಕ್ಕ ಹಿಂದಿನಿಂದ ಕೂಗಿದಳು.

ಬದುವಿನ ಮೇಲೆ ನಿಂತೆವು. ಸಪಾಟಾದ ಹೊಲದಲ್ಲಿ ಗೋವಿನಜೋಳ ಎದೆಯೆತ್ತರ ಬಂದಿತ್ತು, ಕೆಳಗೆ ಚೆಕ್ ಡ್ಯಾಮಿನ ನೀರು ಹೊಳೆಯುತ್ತಿತ್ತು. ಬಿಳಿ ಬಣ್ಣ ಎಲ್ಲೂ ಇರಲಿಲ್ಲ. ಭಾವ ಬಲಗೈ ಉದ್ದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ, ಮೇಲಿನ ಹೊಲದಿಂದ ಬೇವಿನ ಗಿಡದ ಬಾಜುವಿನಿಂದ ಹಳ್ಳದವರೆಗೆ ತೋಳನ್ನು ಇಳಿಸಿದರು.

"ನೋಡು, ಹಿಂಗ ಬಂದಿತ್ತು. ಅಗದಿ ನೆಟ್ಟಗ. ನನಗ ಚಲೋ ನೆನಪೈತಿ."

ತೋಳು ನಡುವೆ ಎಲ್ಲೂ ತಡೆಯಲಿಲ್ಲ. ನಾನು ಪಟ್ಟಿ ಇಟ್ಟು ಎಳೆದ ಗೆರೆಯ ಮೇಲೆಯೇ ಅದು ಇಳಿಯಿತು. ಒಂದು ಹೆಜ್ಜೆಯೂ ಆಚೀಚೆ ಇರಲಿಲ್ಲ.